ಹದಿಮೂರು ಅಂಗುಲದ ಹುಡುಕಾಟ

ಬನಶಂಕರಿ ಎರಡನೇ ಹಂತದಲ್ಲಿ ಒಂದು ಹಳೆಯ ಮನೆ ಎಂದುಕೊಳ್ಳಿ. ಗೇಟಿನ ಪಕ್ಕ ತೆಂಗಿನ ಮರ, ಅದರಾಚೆ ತಗಡಿನ ಶೆಡ್ಡು, ಶೆಡ್ಡಿನೊಳಗೆ ಟಾರ್ಪಾಲು ಹೊದ್ದು ಕುಳಿತ ಒಂದು ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು. ತಾತ ಬ್ಯಾಂಕಿನ ಕೆಲಸದಲ್ಲಿದ್ದಾಗ ಕೊಂಡದ್ದು. ಅದು ರಸ್ತೆಗಿಳಿದು ಎಷ್ಟೋ ವರ್ಷಗಳಾಗಿವೆ. ಈಚೆಗೆ ಕಾರ್ಬ್ಯುರೇಟರ್ ಬಿಚ್ಚಿ ತೊಳೆಸಿ, ಬ್ರೇಕು ಸರಿ ಮಾಡಿಸಿ, ಹೊಸ ಬ್ಯಾಟರಿ ಕೂರಿಸಿ ಭಾನುವಾರ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಎಂಜಿನ್ನು ಎರಡು ಸಲ ಕೆಮ್ಮಿ ಮೂರನೆಯದಕ್ಕೆ ಎದ್ದು ನಿಂತಿತು. ಮನೆಮಂದಿಗೆಲ್ಲ ಸಂಭ್ರಮ. ಮೊಮ್ಮಗಳ ಪಿಯುಸಿ ಪರೀಕ್ಷೆ ಮುಗಿಯುತ್ತಲೇ ಎಲ್ಲರೂ ಅದರಲ್ಲೇ ಮೈಸೂರಿಗೆ ಹೋಗಿಬರುವುದೆಂದು ತೀರ್ಮಾನವೂ ಆಯಿತು.

"ಟೈರು ಸರಿಯಾಗಿದೆಯಾ ತಾತ?" ಎಂದು ಕೇಳಿದವಳು ಮೊಮ್ಮಗಳೇ.

"ಟೈರಿಗೇನಾಗಿದೆ ಪುಟ್ಟಿ? ಹಾಕಿಸಿದ ಮೇಲೆ ಎರಡು ಸಾವಿರ ಕಿಲೋಮೀಟರೂ ಓಡಿಲ್ಲ. ಗೆರೆ ನೋಡು, ಅಂಗಡಿಯಿಂದ ಈಗ ತಂದ ಹಾಗಿದೆ."

ತಾತ ಹೇಳಿದ್ದು ಸುಳ್ಳಲ್ಲ. ಗೆರೆಗಳು ಆಳವಾಗಿಯೇ ಇದ್ದವು. ಕಾರಿನ ಟೈರಿನ ಗೆರೆ ಕಡೇಪಕ್ಷ 1.6 ಮಿಲಿಮೀಟರ್ ಆಳ ಇರಬೇಕೆನ್ನುತ್ತದೆ ನಮ್ಮ ಮೋಟಾರು ವಾಹನ ನಿಯಮ. ಅದರ ಮೂರು ನಾಲ್ಕು ಪಟ್ಟು ಇತ್ತು. ಆದರೆ ಟೈರಿಗೆ ಎರಡು ಬಗೆಯ ಮುಪ್ಪು. ಒಂದು ಓಡಿ ಬರುವುದು, ಇನ್ನೊಂದು ನಿಂತು ಬರುವುದು. ಮೊದಲನೆಯದು ಕಣ್ಣಿಗೆ ಕಾಣುತ್ತದೆ. ಎರಡನೆಯದು ಕಾಣುವುದಿಲ್ಲ, ಅದಕ್ಕೇ ಅದು ಹೆಚ್ಚು ಅಪಾಯದ್ದು.

ರಬ್ಬರು ಮರದ ಹಾಲಿನಿಂದ ಬಂದ ರಬ್ಬರು ಬಿಸಿಲಿಗೆ ಅಂಟಾಗುತ್ತದೆ, ಚಳಿಗೆ ಬಿರುಸಾಗುತ್ತದೆ. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಅದಕ್ಕೆ ಗಂಧಕ ಬೆರೆಸಿ ಕಾಯಿಸಿದಾಗ ಈ ದೋಷ ಹೋಯಿತು. ಗಂಧಕದ ಪರಮಾಣುಗಳು ರಬ್ಬರಿನ ಉದ್ದುದ್ದ ಅಣುಸರಪಳಿಗಳ ನಡುವೆ ಸೇತುವೆ ಕಟ್ಟುತ್ತವೆ. ರಸಾಯನಶಾಸ್ತ್ರದ ಪಠ್ಯದಲ್ಲಿ ವಲ್ಕನೀಕರಣ ಎಂದು ಓದಿ ಮರೆಯುವುದು ಇದನ್ನೇ. ಗಾಳಿಯ ಆಮ್ಲಜನಕ, ಓಜೋನ್ ಮತ್ತು ಬಿಸಿಲು ವರ್ಷಗಟ್ಟಲೆ ಈ ಸರಪಳಿಗಳ ಮೇಲೆ ಕೆಲಸ ಮಾಡುತ್ತಲೇ ಇರುತ್ತವೆ. ಅದನ್ನು ತಡೆಯಲೆಂದು ಟೈರು ಮಾಡುವವರು ರಬ್ಬರಿಗೆ ಒಂದು ಬಗೆಯ ಮೇಣವನ್ನೂ ರಕ್ಷಕ ರಾಸಾಯನಿಕಗಳನ್ನೂ ಸೇರಿಸುತ್ತಾರೆ. ಟೈರು ಉರುಳುವಾಗ ಬಾಗಿ ಬಾಗಿ ಈ ಮೇಣ ಮೇಲ್ಮೈಗೆ ಬರುತ್ತಾ ಇರುತ್ತದೆ. ಶೆಡ್ಡಿನಲ್ಲಿ ನಿಂತ ಕಾರಿಗೆ ಆ ಭಾಗ್ಯವಿಲ್ಲ. ಒಂದೇ ಜಾಗದ ಮೇಲೆ ಕಾರಿನ ಭಾರ, ಮೇಲೆ ಬರದ ಮೇಣ. ಪಕ್ಕದ ಗೋಡೆಯಲ್ಲಿ ಕೂದಲೆಳೆಯಂಥ ಬಿರುಕುಗಳು ಏಳುತ್ತವೆ, ಒಳಗೆ ದಾರದ ಪದರಕ್ಕೂ ರಬ್ಬರಿಗೂ ಇದ್ದ ಬೆಸುಗೆ ಸಡಿಲವಾಗುತ್ತದೆ. ಮೈಸೂರು ರಸ್ತೆಯಲ್ಲಿ ಬಿಸಿಲೇರಿ ವೇಗ ಹೆಚ್ಚಿದಾಗ ಅಂಥ ಟೈರಿನ ಮೇಲ್ಪದರ ಇಡಿಯಾಗಿ ಕಿತ್ತುಬಂದೀತು. ಗೆರೆ ಎಷ್ಟು ಆಳವಿದ್ದರೇನು?

ಟೈರಿನ ಜಾತಕ ಅದರ ಮೈಮೇಲೇ ಇದೆ. ಪಕ್ಕದ ಗೋಡೆಯ ಮೇಲೆ ಒಂದು ಪುಟ್ಟ ಅಂಡಾಕಾರದ ಚೌಕಟ್ಟಿನಲ್ಲಿ ನಾಲ್ಕು ಅಂಕಿ. 2319 ಎಂದಿದ್ದರೆ 2019ರ 23ನೆಯ ವಾರ ತಯಾರಾದದ್ದು ಎಂದರ್ಥ. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಹಿಂದಿನದು. ಟಾರ್ಚು ಹಿಡಿದು ನೆಲದ ಮೇಲೆ ಮಲಗಿ ಹುಡುಕಿದ ಮೊಮ್ಮಗಳಿಗೆ ಸಿಕ್ಕಿದ್ದು ಮೂರು ಅಂಕಿ. ಅಂದರೆ ಟೈರಿನ ವಯಸ್ಸು ಅವಳ ವಯಸ್ಸಿಗಿಂತ ಹೆಚ್ಚು! ಐದು ವರ್ಷದ ನಂತರ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ, ಗೆರೆ ಎಷ್ಟೇ ಇರಲಿ ಹತ್ತು ವರ್ಷಕ್ಕೆ ಬದಲಾಯಿಸಿ ಎಂಬುದು ಟೈರು ಕಂಪನಿಗಳೇ ಕೊಡುವ ಸಲಹೆ. ತಾತ ಏನೂ ಮಾತಾಡದೆ ಕನ್ನಡಕ ಒರೆಸಿಕೊಂಡರು.

ಈ ಕಾರಿನ ಪೂರ್ವಾಪರ ಸ್ವಲ್ಪ ಹೇಳಬೇಕು. ಇಂಗ್ಲೆಂಡಿನ ಸ್ಟ್ಯಾಂಡರ್ಡ್ ಟ್ರಯಂಫ್ ಕಂಪನಿ 1959ರಲ್ಲಿ ಟ್ರಯಂಫ್ ಹೆರಾಲ್ಡ್ ಹೊರತಂದಿತು. ಅದರ ಅಂದದ ಗೆರೆ ಎಳೆದವನು ಇಟಲಿಯ ಜೊವಾನಿ ಮಿಕೆಲೊಟ್ಟಿ. 1961ರಿಂದ ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಅದನ್ನು ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಬ ಹೆಸರಿನಲ್ಲಿ ಇಲ್ಲಿ ತಯಾರಿಸತೊಡಗಿತು. ಅಂಬಾಸಿಡರ್, ಫಿಯೆಟ್‌ಗಳ ಎದುರು ಇದು ಚುರುಕಿನ ಹುಡುಗನಂಥ ಕಾರು. ನಾಲ್ಕು ಬಾಗಿಲಿನ ಹೆರಾಲ್ಡ್ ಇಂಗ್ಲೆಂಡಿನಲ್ಲಿ ಇರಲಿಲ್ಲ, ಅದು ನಮ್ಮ ದೇಶದ್ದೇ. ಇದೇ ಹೆರಾಲ್ಡಿನ ಚಾಸಿಯನ್ನು ಗಿಡ್ಡ ಮಾಡಿ, ಅದೇ ಮಿಕೆಲೊಟ್ಟಿಯಿಂದ ಎರಡು ಸೀಟಿನ ಮೈ ಮಾಡಿಸಿ 1962ರಲ್ಲಿ ಬಿಟ್ಟ ಸ್ಪೋರ್ಟ್ಸ್ ಕಾರೇ ಟ್ರಯಂಫ್ ಸ್ಪಿಟ್‌ಫೈರ್. ಹಾಗಾಗಿ ನಮ್ಮ ಹೆರಾಲ್ಡನ್ನು ಸ್ಪೋರ್ಟ್ಸ್ ಕಾರಿನ ಅಣ್ಣ ಎನ್ನಬಹುದು. ಮದ್ರಾಸಿನ ಹತ್ತಿರದ ಶೋಲಾವರಂ ರೇಸುಗಳಲ್ಲಿ ಹೆರಾಲ್ಡ್‌ಗಳು ಸುಮ್ಮನೆ ಓಡಲಿಲ್ಲ.

ಅಣ್ಣತಮ್ಮ ಇಬ್ಬರ ಟೈರಿನ ಅಳತೆಯೂ ಒಂದೇ: 5.20-13. ಐದೂಕಾಲು ಅಂಗುಲಕ್ಕೆ ತುಸು ಕಡಿಮೆ ಅಗಲ, ಹದಿಮೂರು ಅಂಗುಲದ ರಿಮ್ಮು. ಫಿಯೆಟ್‌ಗೆ 14 ಅಂಗುಲ, ಅಂಬಾಸಿಡರ್‌ಗೆ 15 ಅಂಗುಲ ಇದ್ದ ಕಾಲದಲ್ಲಿ 13 ಎಂದರೆ ಪುಟ್ಟ ಚಕ್ರವೇ. ಹೆರಾಲ್ಡಿನ ಬಾನೆಟ್ಟು ಮುಂದಿನ ಮಡ್‌ಗಾರ್ಡುಗಳ ಸಮೇತ ಪೂರ್ತಿ ಮುಂದಕ್ಕೆ ತೆರೆದುಕೊಳ್ಳುತ್ತದೆ. ಆಗ ಮೆಕಾನಿಕ್ಕು ಮುಂದಿನ ಚಕ್ರದ ಮೇಲೆ ಕುಳಿತು ಎಂಜಿನ್ ಕೆಲಸ ಮಾಡಬಹುದು. ಚಕ್ರವೇ ಮಣೆ!

ಇನ್ನು ಹುಡುಕಾಟ. ಬೆಂಗಳೂರಿನಲ್ಲಿ ಕಾರಿನ ಸಾಮಾನೆಂದರೆ ಜೆ.ಸಿ. ರಸ್ತೆ. ಸೌತ್ ಎಂಡ್ ಸರ್ಕಲ್ ದಾಟಿ, ಲಾಲ್‌ಬಾಗ್ ಬಳಸಿ ತಾತನೂ ಮೊಮ್ಮಗಳೂ ಹೋದರು. "5.20-13 ಇದೆಯಾ?" ಎಂದರೆ ಕೌಂಟರಿನ ಹುಡುಗ ಪಿಳಿಪಿಳಿ ನೋಡಿದ. ಒಳಗಿನಿಂದ ಬಂದ ಹಿರಿಯರಿಗೆ ಗೊತ್ತಿತ್ತು.

"ನೈಲಾನ್ ಟೈರು ಕೇಳ್ತಿದೀರಿ ಸಾರ್, ಹೆರಾಲ್ಡಾ? ಅದು ಬರೋದು ನಿಂತೋಗಿ ಯಾವ ಕಾಲ ಆಯ್ತು. ಹದಿಮೂರಿಂದು ಝೆನ್ ಸೈಜ್ ಹಾಕಿಸ್ಕೊಳಿ. ರಿಮ್ಮಿಗೆ ಕೂತ್ಕೊಳತ್ತೆ."

ರಿಮ್ಮಿಗೆ ಕೂತುಕೊಳ್ಳುತ್ತದೆ. ನಿಜ. ಎಡವಟ್ಟೆಲ್ಲ ಇರುವುದು ಈ ಮಾತಿನಲ್ಲೇ. ಕೂತುಕೊಳ್ಳುವುದೇ ಬೇರೆ, ಹೊಂದುವುದೇ ಬೇರೆ. ಕಾಲಿಗೆ ಹೋದ ಚಪ್ಪಲಿಯೆಲ್ಲ ನಡೆಯಲು ಆಗುತ್ತದೆಯೇ?

ಇಲ್ಲಿ ಹತ್ತನೇ ತರಗತಿಯ ಲೆಕ್ಕ ಸಾಕು. ಈಗಿನ ಟೈರಿನ ಮೇಲೆ 145/70 R13 ಎಂದು ಬರೆದಿರುತ್ತದೆ ಎನ್ನಿ. 145 ಎಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 70 ಎಂದರೆ ಪಕ್ಕದ ಗೋಡೆಯ ಎತ್ತರ ಅಗಲದ ಶೇಕಡ 70. R ಎಂದರೆ ರೇಡಿಯಲ್. 13 ಮಾತ್ರ ಅಂಗುಲ. ಮಿಲಿಮೀಟರು, ಶೇಕಡ, ಅಂಗುಲ ಮೂರನ್ನೂ ಒಂದೇ ಸಾಲಿನಲ್ಲಿ ಕಲಸಿದ ಪುಣ್ಯಾತ್ಮರು ಯಾರೋ! 145ರ ಶೇಕಡ 70 ಅಂದರೆ 101.5 ಮಿ.ಮೀ. ಮೇಲೊಂದು ಗೋಡೆ, ಕೆಳಗೊಂದು ಗೋಡೆ, ಒಟ್ಟು 203. ಹದಿಮೂರು ಅಂಗುಲವೆಂದರೆ 330. ಕೂಡಿದರೆ ಟೈರಿನ ವ್ಯಾಸ 533 ಮಿ.ಮೀ.

ಹಳೆಯ ನೈಲಾನ್ ಟೈರಿನ ಮೇಲೆ ಈ ಶೇಕಡದ ಸಂಖ್ಯೆಯೇ ಇರುವುದಿಲ್ಲ. ಆಗಿನ ಟೈರಿನ ಗೋಡೆ ಹೆಚ್ಚುಕಡಿಮೆ ಅದರ ಅಗಲದಷ್ಟೇ ಎತ್ತರ, ಹಾಗಾಗಿ ಬರೆಯುವ ಅಗತ್ಯ ಬೀಳಲಿಲ್ಲ. ಹೆರಾಲ್ಡಿನ ಮೂಲ ಟೈರಿನ ವ್ಯಾಸ ಸುಮಾರು 580 ಮಿ.ಮೀ. ಈಗ ಎರಡನ್ನೂ ಪಕ್ಕದಲ್ಲಿಡಿ. 580 ಇದ್ದ ಜಾಗದಲ್ಲಿ 533. ಕಾರು ಸುಮಾರು ಒಂದು ಅಂಗುಲ ಕೆಳಗಿಳಿಯುತ್ತದೆ. ಜೆ.ಪಿ. ನಗರದ ಅಡ್ಡರಸ್ತೆಗಳ ಹಂಪುಗಳನ್ನು ಬಲ್ಲವರಿಗೆ ಒಂದು ಅಂಗುಲದ ಬೆಲೆ ಹೇಳಬೇಕಾಗಿಲ್ಲ. ಸುತ್ತಳತೆ ಶೇಕಡ 8ರಷ್ಟು ಕಡಿಮೆಯಾದ್ದರಿಂದ ಅದೇ ದೂರಕ್ಕೆ ಚಕ್ರ ಹೆಚ್ಚು ಸಲ ಸುತ್ತಬೇಕು, 948 ಸಿ.ಸಿ.ಯ ಆ ಪುಟ್ಟ ಎಂಜಿನ್ನೂ ಹೆಚ್ಚು ದುಡಿಯಬೇಕು. ಸ್ಪೀಡೋಮೀಟರ್ ಚಕ್ರದ ಸುತ್ತನ್ನು ಎಣಿಸುತ್ತದೆಯೇ ಹೊರತು ರಸ್ತೆಯನ್ನು ಅಳೆಯುವುದಿಲ್ಲ. ಅದು 60 ಎಂದು ತೋರಿಸುವಾಗ ಕಾರು ಓಡುತ್ತಿರುವುದು 55ರಲ್ಲಿ.

ಮೊಮ್ಮಗಳು ಬಿಲ್ಲಿನ ಹಿಂಬದಿಯಲ್ಲೇ ಲೆಕ್ಕ ಹಾಕಿದಳು. "ಗೋಡೆ 80 ಇರೋದು ಬೇಕು ಅಂಕಲ್, 70 ಅಲ್ಲ." 145/80 R13 ಆದರೆ ವ್ಯಾಸ 562. ಮೂಲಕ್ಕಿಂತ ಕಮ್ಮಿಯೇ, ಆದರೆ ವ್ಯತ್ಯಾಸ ಶೇಕಡ 3 ಅಷ್ಟೇ. 155/80 R13 ಆದರೆ 578, ಹೆಚ್ಚುಕಡಿಮೆ ತದ್ವತ್.

ಹಾಗಾದರೆ 155 ಅನ್ನೇ ಕಣ್ಣುಮುಚ್ಚಿ ತರಬಹುದಲ್ಲ? ಇಲ್ಲೊಂದು ತೊಡಕಿದೆ. ಹೆರಾಲ್ಡಿನ ರಿಮ್ಮು ಬರೀ ಮೂರೂವರೆ ಅಂಗುಲ ಅಗಲ. ಪ್ರತಿ ಟೈರಿಗೂ ಇಷ್ಟರಿಂದ ಇಷ್ಟರವರೆಗಿನ ಅಗಲದ ರಿಮ್ಮು ಎಂದು ತಯಾರಕರ ಪಟ್ಟಿ ಇರುತ್ತದೆ. 145ಕ್ಕೆ ಮೂರೂವರೆ ನಡೆಯುತ್ತದೆ. 155ಕ್ಕೆ ಸ್ವಲ್ಪ ಅಗಲದ ರಿಮ್ಮು ಇರಬೇಕು. ಕಿರಿದಾದ ರಿಮ್ಮಿನಲ್ಲಿ ಅಗಲದ ಟೈರು ಬಲೂನಿನ ಹಾಗೆ ಹೊಟ್ಟೆ ಬಿಡುತ್ತದೆ, ತಿರುವಿನಲ್ಲಿ ಪಕ್ಕಕ್ಕೆ ಜೋಲುತ್ತದೆ. ವ್ಯಾಸ ನೋಡಿದರೆ 155, ರಿಮ್ಮು ನೋಡಿದರೆ 145. ಹೊರದೇಶಗಳಲ್ಲಿ ಸ್ಪಿಟ್‌ಫೈರ್ ಇಟ್ಟುಕೊಂಡವರಲ್ಲಿ ಈ ಎರಡೂ ಪಕ್ಷದವರಿದ್ದಾರೆ. ಮೂಲ ರಿಮ್ಮನ್ನೇ ಉಳಿಸಿಕೊಳ್ಳುವ ಸಂಸಾರಸ್ಥರಿಗೆ 145/80 ಒಳ್ಳೆಯದು. ಸ್ಪೀಡೋಮೀಟರ್ ಎರಡು ಕಿಲೋಮೀಟರ್ ಹೆಚ್ಚು ತೋರಿಸಿದರೆ ಯಾರ ಗಂಟೂ ಹೋಗುವುದಿಲ್ಲ.

ಸ್ವಾರಸ್ಯವೆಂದರೆ ಈ 145/80 R13 ಅಪರೂಪದ ಮಾಲಲ್ಲ. ಮಾರುತಿ 2022ರಲ್ಲಿ ತಂದ ಆಲ್ಟೊ ಕೆ10 ಕಾರಿನ ಅಳತೆ ಅದೇ. ಅರವತ್ತು ವರ್ಷದ ಹಿಂದಿನ ಕಾರಿಗೆ ಇವತ್ತಿನ ಆಲ್ಟೊ ಅನ್ನ ಹಾಕುತ್ತಿದೆ! ತಾತ ಊರೆಲ್ಲ ಹುಡುಕಿದ್ದು ಬಿ.ಟಿ.ಎಂ. ಲೇಔಟಿನ ಯಾವ ಟೈರು ಅಂಗಡಿಯಲ್ಲಿ ಕೇಳಿದರೂ ಸಿಗುವಂಥದ್ದು. ಕೇಳುವ ಹೆಸರು ಗೊತ್ತಿರಲಿಲ್ಲ ಅಷ್ಟೇ.

ಎಲ್ಲ ಪುಟ್ಟ ಚಕ್ರಗಳಿಗೂ ಈ ಅದೃಷ್ಟವಿಲ್ಲ. 1959ರಲ್ಲೇ ಬಂದ ಬ್ರಿಟನ್ನಿನ ಮಿನಿ ಕಾರನ್ನು ನೆನೆಯಿರಿ. ಅದರ ಕರ್ತೃ ಅಲೆಕ್ ಇಸಿಗೊನಿಸ್, ಒಳಗೆ ಜನಕ್ಕೆ ಜಾಗ ಬೇಕೆಂದು ಚಕ್ರವನ್ನೇ ಕುಗ್ಗಿಸಿದ. ಡನ್ಲಪ್ ಕಂಪನಿ ಅವನಿಗಾಗಿ ಹತ್ತು ಅಂಗುಲದ ಟೈರು ಮಾಡಿಕೊಟ್ಟಿತು. ಆ ಪುಟ್ಟ ಚಕ್ರಗಳ ಮೇಲೇ ಮಿನಿ ಕೂಪರ್ 1964, 1965 ಮತ್ತು 1967ರಲ್ಲಿ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದಿತು. 1984ರಲ್ಲಿ ಮಿನಿ ಕೂಡ 12 ಅಂಗುಲಕ್ಕೆ ಬಡ್ತಿ ಪಡೆಯಿತು. ಅದರ ಹೊಸ ಅಳತೆ 145/70 R12, ನಮ್ಮ ಮಾರುತಿ 800 ಓಡಾಡಿದ ಅಳತೆಯೇ. ಮಾರುತಿ 800ರ ತಯಾರಿಕೆ 2014ರಲ್ಲಿ ನಿಂತಿತು.

ಹತ್ತು ಅಂಗುಲದ ಮಿನಿಯನ್ನು ಯಾರೋ ವಿದೇಶದಿಂದ ತಂದು ಇಟ್ಟುಕೊಂಡಿದ್ದರೆ ಅವರ ಪಾಡು ಕಷ್ಟ. ನಮ್ಮ ರಸ್ತೆಯಲ್ಲಿ ಹತ್ತು ಅಂಗುಲದ ಟೈರಿಗೇನೂ ಬರವಿಲ್ಲ, ಆದರೆ ಅವೆಲ್ಲ ಸ್ಕೂಟರಿನವು. "ಅದನ್ನೇ ಹಾಕಿದರಾಯ್ತು" ಎನ್ನುವ ಬುದ್ಧಿವಂತರೂ ಇದ್ದಾರೆ. ಟೈರಿನ ಅಳತೆಯ ಪಕ್ಕದಲ್ಲಿ 53J ಎಂಬಂತೆ ಒಂದು ಸಂಖ್ಯೆ, ಒಂದು ಅಕ್ಷರ ಇರುತ್ತದೆ. ಸಂಖ್ಯೆ ಅದು ಹೊರುವ ಭಾರದ ಸಂಕೇತ, ಅಕ್ಷರ ವೇಗದ್ದು. 53 ಎಂದರೆ 206 ಕಿಲೋ. ಮಿನಿಯ ಸರಿಯಾದ ಟೈರು 145/80 R10ರ ಮೇಲೆ 69 ಎಂದಿರುತ್ತದೆ, ಅಂದರೆ 325 ಕಿಲೋ. ಮಿನಿ ಸುಮಾರು 600 ಕಿಲೋ ತೂಗುತ್ತದೆ. ನಾಲ್ವರು ಕುಳಿತರೆ ಒಂದೊಂದು ಚಕ್ರಕ್ಕೆ 220 ಕಿಲೋ ಬಂತು, ಎಂಜಿನ್ನಿರುವ ಮುಂಭಾಗಕ್ಕೆ ಇನ್ನೂ ಹೆಚ್ಚು. ಸ್ಕೂಟರು ವಾಲಿ ತಿರುಗುತ್ತದೆ, ಅದಕ್ಕೇ ಅದರ ಟೈರಿನ ನೆತ್ತಿ ದುಂಡಗೆ. ಕಾರು ವಾಲುವುದಿಲ್ಲ, ಟೈರನ್ನು ಪಕ್ಕಕ್ಕೆ ತಳ್ಳುತ್ತದೆ. ಆ ದುಂಡು ನೆತ್ತಿ ಅಲ್ಲಿ ನಿಲ್ಲಲಾರದು. ಹೊರಗಿನಿಂದ ತರಿಸೋಣವೆಂದರೆ 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರುಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿತು. ಮೈಸೂರಿನಲ್ಲೇ ವಿಕ್ರಾಂತ್ ಟೈರ್ಸ್ ಹುಟ್ಟಿ, 1997ರಲ್ಲಿ ಜೆ.ಕೆ. ಕಂಪನಿಯ ಪಾಲಾಗಿ ಬೆಳೆದ ನಾಡು ನಮ್ಮದು. ಆದರೆ ನಾಲ್ಕಾರು ಕಾರಿಗಾಗಿ ಯಾವ ಕಾರ್ಖಾನೆಯೂ ಅಚ್ಚು ಮಾಡಿಸುವುದಿಲ್ಲ.

ಮತ್ತೆ ಹೆರಾಲ್ಡಿಗೆ ಬರೋಣ. ಟೈರು ಸಿಕ್ಕಿತು ಎಂದು ಓಡಿಸುವ ಹಾಗಿಲ್ಲ, ಏಕೆಂದರೆ ಈ ಕಾರಿನ ಹಿಂಬದಿಗೆ ಒಂದು ಚಾಳಿ ಇದೆ. ಹಿಂದಿನ ಎರಡು ಚಕ್ರಗಳ ಆಕ್ಸಲ್ಲುಗಳು ನಡುವಿನ ಕೀಲಿನಿಂದ ಹಕ್ಕಿಯ ರೆಕ್ಕೆಯಂತೆ ಬೇರೆಬೇರೆಯಾಗಿ ಮೇಲೆ ಕೆಳಗೆ ಆಡುತ್ತವೆ. ಹಳ್ಳದಿಣ್ಣೆಯಲ್ಲಿ ಇದು ಸುಖ. ಆದರೆ ತಿರುವಿನಲ್ಲಿ ಜೋರಾಗಿ ಹೋಗುತ್ತಾ ಹೆದರಿ ತಟ್ಟನೆ ಆಕ್ಸಿಲರೇಟರ್ ಬಿಟ್ಟರೆ ಕಾರಿನ ಹಿಂಭಾಗ ಮೇಲೆದ್ದು, ಹೊರಗಿನ ಚಕ್ರ ಒಳಕ್ಕೆ ಮಡಿಚಿಕೊಂಡು, ಬಾಲ ಪಕ್ಕಕ್ಕೆ ಹೊಡೆಯುತ್ತದೆ. ಮದ್ರಾಸಿನ ಕಂಪನಿ 1970ರ ದಶಕದ ಆರಂಭದಲ್ಲಿ ಹೆರಾಲ್ಡಿನಿಂದಲೇ ಗೆಝೆಲ್ ಕಾರು ಮಾಡಿದಾಗ ಈ ವ್ಯವಸ್ಥೆ ಬಿಟ್ಟು ಸಾಮಾನ್ಯ ಗಟ್ಟಿ ಆಕ್ಸಲ್ಲನ್ನೇ ಹಾಕಿತು.

ಈ ಚಾಳಿಯನ್ನು ಹಿಡಿತದಲ್ಲಿಡುವ ಒಂದು ಕ್ರಮವೆಂದರೆ ಹಿಂದಿನ ಟೈರಿಗೆ ಮುಂದಿನದಕ್ಕಿಂತ ಹೆಚ್ಚು ಗಾಳಿ. ಕಾರಿನ ಪುಸ್ತಕದಲ್ಲಿ ಅದು ಸ್ಪಷ್ಟವಾಗಿದೆ. ಪೆಟ್ರೋಲ್ ಬಂಕಿನ ಹುಡುಗ ಕೇಳದೇ ನಾಲ್ಕಕ್ಕೂ ಒಂದೇ ಸಮ ಹೊಡೆದುಬಿಡುತ್ತಾನೆ. ಪಕ್ಕದಲ್ಲಿ ನಿಂತು ಹೇಳಬೇಕು. ಒಂದು ನೈಲಾನ್, ಒಂದು ರೇಡಿಯಲ್ ಎಂದು ಬೆರೆಸುವುದಂತೂ ಕೂಡದು. "ಈ ತಿಂಗಳು ಮುಂದಿನೆರಡು, ಮುಂದಿನ ತಿಂಗಳು ಹಿಂದಿನೆರಡು" ಎಂಬ ಮನೆಯ ಲೆಕ್ಕ ಇಲ್ಲಿ ಅಪಾಯ. ರೇಡಿಯಲ್ಲು ರಸ್ತೆಯನ್ನು ಹೆಚ್ಚು ಬಿಗಿ ಹಿಡಿಯುತ್ತದೆ. ಮುಂದೆ ರೇಡಿಯಲ್, ಹಿಂದೆ ಹಳೆಯ ನೈಲಾನ್ ಇದ್ದರೆ ಬಾಲ ಮೊದಲೇ ಜಾರುವ ಕಾರು ಇನ್ನೂ ಬೇಗ ಜಾರುತ್ತದೆ. ಕೊಂಡರೆ ನಾಲ್ಕೂ ಒಟ್ಟಿಗೆ.

ಟ್ಯೂಬಿನ ಮಾತೂ ಇದೆ. ಈಗಿನ ಟ್ಯೂಬ್‌ಲೆಸ್ ಟೈರಿಗೆ ಬೇಕಾದ ರಿಮ್ಮಿನ ಒಳಅಂಚಿನಲ್ಲಿ ಒಂದು ಸಣ್ಣ ಉಬ್ಬು ಇರುತ್ತದೆ. ತಿರುವಿನಲ್ಲಿ ಟೈರಿನ ಅಂಚು ಜಾರಿ ಗಾಳಿ ಹೋಗದ ಹಾಗೆ ಅದು ತಡೆ. 1960ರ ರಿಮ್ಮಿನಲ್ಲಿ ಆ ಉಬ್ಬಿಲ್ಲ. ಜೊತೆಗೆ ಐವತ್ತು ವರ್ಷದ ತುಕ್ಕು. ಆದ್ದರಿಂದ ಒಳಗೆ ಟ್ಯೂಬು ಬೇಕೇ ಬೇಕು, ಅದೂ ರೇಡಿಯಲ್‌ಗೆಂದೇ ಮಾಡಿದ, ಅದೇ ಅಳತೆಯ ಹೊಸ ಟ್ಯೂಬು. ರಿಮ್ಮಿನ ಒಳಮೈಯನ್ನು ಉಜ್ಜಿ ಬಣ್ಣ ಹೊಡೆಸದಿದ್ದರೆ ತುಕ್ಕಿನ ಚಕ್ಕೆಯೇ ಟ್ಯೂಬನ್ನು ಕೊರೆಯುತ್ತದೆ. ಟೈರಿಗೆ ಹಣ ಸುರಿದು ಇಲ್ಲಿ ಜಿಪುಣತನ ಮಾಡುವವರೇ ಹೆಚ್ಚು.

"ಇಷ್ಟೆಲ್ಲ ಯಾಕಪ್ಪಾ, ಮಾರಿಬಿಡಬಾರದೇ?" ಎಂದು ಅಡುಗೆಮನೆಯಿಂದ ಕೇಳಿಬಂದ ಮಾತಿಗೂ ನ್ಯಾಯವಿದೆ. 2021ರ ಕೇಂದ್ರದ ನಿಯಮದ ಪ್ರಕಾರ ಐವತ್ತು ವರ್ಷ ದಾಟಿದ ಕಾರನ್ನು ವಿಂಟೇಜ್ ಎಂದು ನೋಂದಾಯಿಸಿಕೊಂಡರೆ ಅದನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ ಇಂಥವಕ್ಕೆ ಮಾತ್ರ. ಹಾಗೆ ನೋಂದಾಯಿಸುವ ಮುಂಚೆ ಮೈಸೂರು ಪ್ರವಾಸದ ಆಸೆಯನ್ನೂ ತೂಗಿ ನೋಡಬೇಕು. ಆದರೆ ಮಗುವಿಗಾಗಿ ಟೈರಿನ ತಲೆನೋವು ಹಚ್ಚಿಕೊಂಡ ಮೊದಲ ಹಿರಿಯರು ಈ ತಾತನೇನಲ್ಲ. ಗಾಳಿ ತುಂಬಿದ ಟೈರನ್ನು 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್ಲಪ್ ಮಾಡಿದ್ದು ಮಗನ ಮೂರು ಚಕ್ರದ ಸೈಕಲ್ಲಿಗೆ. ರಾಬರ್ಟ್ ಥಾಮ್ಸನ್ ಎಂಬಾತ 1845ರಲ್ಲೇ ಅದಕ್ಕೆ ಪೇಟೆಂಟ್ ಪಡೆದಿದ್ದನೆಂಬುದು ಡನ್ಲಪ್‌ಗೆ ತಿಳಿದಿರಲಿಲ್ಲ.

ಕೊನೆಗೆ ಟೈರು ಹಾಕಿಸುವ ದಿನ. ಹುಡುಗ ಅಟ್ಟದಿಂದ ನಾಲ್ಕು ಟೈರು ಉರುಳಿಸಿದ. ಮೊಮ್ಮಗಳು ಒಂದೊಂದನ್ನೂ ತಿರುಗಿಸಿ ಅಂಡಾಕಾರದ ಚೌಕಟ್ಟು ಹುಡುಕಿದಳು. ಮೂರು ಈ ವರ್ಷದವು, ನಾಲ್ಕನೆಯದು ನಾಲ್ಕು ವರ್ಷ ಅಟ್ಟದ ಮೇಲೇ ಕಳೆದದ್ದು. "ಇದೊಂದು ಬದಲಾಯಿಸಿ ಕೊಡಿ ಅಂಕಲ್" ಎಂದಳು. ಅಂಗಡಿಯವರು ತಾತನ ಕಡೆ ನೋಡಿದರು. ತಾತ ತುಟಿ ಪಿಟಕ್ಕೆನ್ನಲಿಲ್ಲ. ಬದಲಾಯಿಸಿ ಕೊಟ್ಟರು.

"ಸ್ಟೆಪ್ನಿಗೆ?" ಎಂದರು ತಾತ. ಅಂದ ಹಾಗೆ ಈ ಸ್ಟೆಪ್ನಿ ಎಂಬ ಮಾತು ವೇಲ್ಸಿನ ಲನೆಥ್ಲಿ ಊರಿನ ಸ್ಟೆಪ್ನಿ ಬೀದಿಯದು. 1900ರ ದಶಕದಲ್ಲಿ ಅಲ್ಲಿನ ಅಂಗಡಿಯೊಂದು ಮೊದಲು ಹೆಚ್ಚುವರಿ ಚಕ್ರ ಮಾರಿತು. ಇಂಗ್ಲಿಷರೇ ಮರೆತ ಹೆಸರು ನಮ್ಮ ಪಂಕ್ಚರ್ ಅಂಗಡಿಗಳಲ್ಲಿ ಉಳಿದಿದೆ. ಐದನೆಯದನ್ನೂ ಕೊಂಡದ್ದಾಯಿತು, ಹಳೆಯದನ್ನು ಡಿಕ್ಕಿಯಲ್ಲಿಟ್ಟುಕೊಂಡು ಹೋಗುವುದರಲ್ಲಿ ಅರ್ಥವಿಲ್ಲ.

"ಹಳೇವು ಬಿಟ್ಟೋಗಿ ಸಾರ್, ಗೆರೆ ಚೆನ್ನಾಗಿದೆ, ಯಾರಾದ್ರೂ ತಗೋತಾರೆ" ಎಂದ ಹುಡುಗ.

ಮೊಮ್ಮಗಳು ತಾತನ ಮುಖ ನೋಡಿದಳು. ತಾತ ಕೌಂಟರಿನ ಮೇಲಿದ್ದ ಚಾಕು ಕೇಳಿ ಪಡೆದು, ಹೊಸದರ ಹಾಗಿದ್ದ ಐದೂ ಟೈರುಗಳ ಪಕ್ಕದ ಗೋಡೆಯನ್ನು ಉದ್ದಕ್ಕೆ ಸೀಳಿ ಕೊಟ್ಟರು.